ಮೊದಲು ಇಟ್ಟ ಹೆಸರು

ಬಡವನಹಳ್ಳಿ ಕಡೆ ಮಳೆ ಹದವಾಗಿ ಹಿಡಿದರೆ ಹೊಲದ ತುಂಬ ಕಡ್ಲೆಕಾಯಿ. ಅದೇ ಗಿಡ ಧಾರವಾಡದಲ್ಲಿ ಶೇಂಗಾ, ಪಾವಗಡದ ತೆಲುಗು ಮನೆಗಳಲ್ಲಿ ವೇರುಶೆನಗ. ಬರೀ ಕಡಲೆ ಅಂದರೆ ಮತ್ತೆ ಬೇರೆಯದೇ ಗಿಡ. ಸಂತೆಯಲ್ಲಿ ಇದರಿಂದ ಯಾರಿಗೂ ತೊಂದರೆಯಿಲ್ಲ, ಕಾಯಿ ಕಣ್ಣೆದುರಿಗೇ ಇರುತ್ತದೆ. ಮದ್ದಿನ ಮಾತು ಬಂದಾಗ ಹಾಗಲ್ಲ. ಕೊರಟಗೆರೆಯ ಸಿದ್ಧರಬೆಟ್ಟ ಔಷಧಿ ಗಿಡಗಳಿಗೆ ಹೆಸರಾದದ್ದು. ಆದರೆ 'ಬ್ರಾಹ್ಮಿ' ಬೇಕು ಎಂದರೆ ಒಬ್ಬರು ಒಂದೆಲಗ ಕಿತ್ತುಕೊಡುತ್ತಾರೆ, ಇನ್ನೊಬ್ಬರು ನೀರುಬ್ರಾಹ್ಮಿ. ಮೊದಲನೆಯದು ಸೆಂಟೆಲ್ಲ ಏಷಿಯಾಟಿಕ, ಎರಡನೆಯದು ಬಕೋಪ ಮೊನ್ನಿಯೆರಿ. ಎರಡರ ಸಸ್ಯಕುಟುಂಬವೂ ಬೇರೆ, ಒಳಗಿನ ರಾಸಾಯನಿಕಗಳೂ ಬೇರೆ.

ಈ ಗೊಂದಲಕ್ಕೆ ದಾರಿ ತೋರಿಸಿದವನು ಸ್ವೀಡನ್ನಿನ ಲಿನೇಯಸ್. ಅವನಿಗಿಂತ ಮೊದಲು ಒಂದು ಗಿಡದ ಹೆಸರೆಂದರೆ ಒಂದು ಉದ್ದನೆಯ ಲ್ಯಾಟಿನ್ ವರ್ಣನೆ. 1753ರಲ್ಲಿ ಸಸ್ಯಗಳಿಗೆ, 1758ರಲ್ಲಿ ಪ್ರಾಣಿಗಳಿಗೆ ಅವನು ಎರಡೇ ಪದಗಳ ಹೆಸರನ್ನು ಕ್ರಮವಾಗಿ ಬಳಸಿದ: ಮೊದಲನೆಯದು ಕುಲ, ಎರಡನೆಯದು ಪ್ರಭೇದ. ಕಡ್ಲೆಕಾಯಿಗೆ ಅವನಿಟ್ಟ ಹೆಸರು ಅರಾಕಿಸ್ ಹೈಪೋಜಿಯ. ಹೈಪೋಜಿಯ ಎಂದರೆ ನೆಲದಡಿಯದು. ಹೂ ಮೇಲೆ ಅರಳಿ, ಅದರ ತೊಟ್ಟು ಮಣ್ಣಿಗಿಳಿದು ಕಾಯಿ ಕಟ್ಟುವುದನ್ನು ಕಂಡ ನಮ್ಮವರೂ ಅದನ್ನು ನೆಲಗಡಲೆ ಎಂದಿದ್ದರು.

ಎಲ್ಲರ ಕಣ್ಣೂ ಇಷ್ಟು ಸರಿಯಾಗಿ ಕಂಡಿತೆಂದಲ್ಲ. ನಮ್ಮ ಮಧುಗಿರಿ ಕಡೆಯ ಬೆಟ್ಟದ ಬಂಡೆಗಳ ಸಂದಿಯಲ್ಲಿರುವ ಕರಡಿಯನ್ನೇ ನೋಡಿ. 1791ರಲ್ಲಿ ಇಂಗ್ಲೆಂಡಿನ ಜಾರ್ಜ್ ಶಾ ಅದಕ್ಕೆ ಬ್ರಾಡಿಪಸ್ ಅರ್ಸಿನಸ್ ಎಂದು ಹೆಸರಿಟ್ಟ. ಬ್ರಾಡಿಪಸ್ ಎಂಬುದು ದಕ್ಷಿಣ ಅಮೆರಿಕದ ಮರಗಳಲ್ಲಿ ತಲೆಕೆಳಗಾಗಿ ನೇತಾಡುವ ಸ್ಲಾತ್ ಪ್ರಾಣಿಯ ಕುಲ. ಅರ್ಸಿನಸ್ ಎಂದರೆ ಕರಡಿಯಂಥದ್ದು. ಕರಡಿಯನ್ನೇ 'ಕರಡಿಯಂಥ ಸ್ಲಾತ್' ಎಂದುಬಿಟ್ಟ! ಅವನನ್ನು ದಾರಿ ತಪ್ಪಿಸಿದ್ದು ಉದ್ದನೆಯ ಬಾಗಿದ ಉಗುರು, ಮತ್ತು ಮೇಲ್ದವಡೆಯ ಮುಂದೆ ನಡುವಿನ ಎರಡು ಹಲ್ಲು ಇಲ್ಲದಿದ್ದದ್ದು. ಆ ಹಲ್ಲಿನ ಸಂದು ಕರಡಿಯ ಅನ್ನದ ದಾರಿ. ಉಗುರಿನಿಂದ ಹುತ್ತ ಬಗೆದು, ತುಟಿ ಚಾಚಿ, ಆ ಸಂದಿನಿಂದಲೇ ಗೆದ್ದಲನ್ನು ಸರ್ರನೆ ಹೀರಿಕೊಳ್ಳುತ್ತದೆ.

ತಪ್ಪು ತಿಳಿದ ಮೇಲೆ ಕುಲ ಬದಲಾಯಿತು: ಮೆಲರ್ಸಸ್, ಅಂದರೆ ಜೇನುಗರಡಿ. ಮಧುಗಿರಿಯ ಕರಡಿಗೆ ಇದಕ್ಕಿಂತ ಒಪ್ಪುವ ಹೆಸರು ನನಗಂತೂ ಹೊಳೆಯುವುದಿಲ್ಲ. ಆದರೆ ಅರ್ಸಿನಸ್ ಹೋಗಲಿಲ್ಲ. ಮೊದಲು ಪ್ರಕಟವಾದ ಪ್ರಭೇದದ ಹೆಸರಿಗೇ ಹಕ್ಕು, ಕುಲ ಬದಲಾದರೂ ಅದು ಜೊತೆಗೇ ಬರಬೇಕು ಎಂಬುದು ನಿಯಮ. ಹೀಗಾಗಿ ಇಂದಿಗೂ ಅದು ಮೆಲರ್ಸಸ್ ಅರ್ಸಿನಸ್, 'ಕರಡಿಯಂಥ ಜೇನುಗರಡಿ'. ಅರ್ಥ ಕೆಟ್ಟರೂ ಚಿಂತೆಯಿಲ್ಲ, ಇನ್ನೂರು ವರ್ಷದ ಹಿಂದಿನ ಬರಹವೂ ಇಂದಿನದೂ ಇದೇ ಪ್ರಾಣಿಯನ್ನು ಕುರಿತದ್ದೆಂದು ಗುರುತು ಸಿಕ್ಕಬೇಕು.

ಹೊಂಗೆಯೂ ಹೀಗೇ ಮನೆ ಬದಲಾಯಿಸಿದೆ. ಲಿನೇಯಸ್ ಇಟ್ಟದ್ದು ಸೈಟಿಸಸ್ ಪಿನ್ನೇಟಸ್. ಆಮೇಲೆ ಪೊಂಗಾಮಿಯ ಪಿನ್ನೇಟ, ಕೆಲವು ಪುಸ್ತಕಗಳಲ್ಲಿ ಮಿಲೆಟಿಯ ಪಿನ್ನೇಟ. ಕುಲದ ಲಿಂಗಕ್ಕೆ ತಕ್ಕಂತೆ, ಸಂಸ್ಕೃತದ ವಿಶೇಷಣದ ಹಾಗೆ, ಪದದ ಕೊನೆ ಮಾತ್ರ ಬದಲಾಯಿತು. ಪೊಂಗಾಮಿಯ ಎಂಬುದಂತೂ ನಮ್ಮ ಕಡೆಯದೇ ಮಾತು. 17ನೇ ಶತಮಾನದಲ್ಲಿ ಡಚ್ ಅಧಿಕಾರಿ ವಾನ್ ರೀಡ್ ಮಾಡಿಸಿದ ಸಸ್ಯಗ್ರಂಥ ಹೊರ್ಟಸ್ ಮಲಬಾರಿಕಸ್‌ನಲ್ಲಿ ಈ ಮರ 'ಪೊಂಗಂ'. ಪಾಲು ಹಾಲಾದಂತೆ ಕನ್ನಡದ ಬಾಯಲ್ಲಿ ಆ ಪಕಾರ ಹಕಾರವಾಗಿದೆ, ಅಷ್ಟೇ.

ಹೆಸರಿಡುವ ಕೆಲಸ ಮುಗಿದಿಲ್ಲ. ಹೊಸ ಜೀವಿ ಸಿಕ್ಕರೆ ಅದರ ಲಕ್ಷಣಗಳನ್ನು ವಿವರಿಸಿ, ಹತ್ತಿರದ ಪ್ರಭೇದಗಳಿಗಿಂತ ಅದು ಹೇಗೆ ಬೇರೆ ಎಂದು ತೋರಿಸಿ, ಒಂದು ಮಾದರಿಯನ್ನು ಸಂಗ್ರಹಾಲಯದಲ್ಲಿ ಇಟ್ಟು ಪ್ರಕಟಿಸಬೇಕು. ಮುಂದೆ ಯಾರಿಗೇ ಅನುಮಾನ ಬಂದರೂ ಆ ಮಾದರಿಯ ಬಳಿಗೇ ಹೋಗಬೇಕು. 2020ರಲ್ಲಿ ಬೆಂಗಳೂರಿನ ಹೊರವಲಯದಲ್ಲಿ ಗುರುತಿಸಿದ, ಮಣ್ಣಿನಲ್ಲಿ ಹುದುಗಿಕೊಳ್ಳುವ ಕಪ್ಪೆಗೆ ಇಟ್ಟ ಹೆಸರು ಸ್ಫೆರೋಥೀಕ ಬೆಂಗಳೂರು. ಜಗತ್ತಿನ ಯಾವ ಮೂಲೆಯ ಕಪ್ಪೆತಜ್ಞ ಅದರ ಬಗ್ಗೆ ಬರೆದರೂ ಕೊನೆಯ ಉಕಾರವನ್ನು ಬಿಡುವಂತಿಲ್ಲ.