ಬೋಕಿ ಬಾಯಿಬಿಟ್ಟರೆ

ಹಳೆಯ ಚೀನೀ ಪಿಂಗಾಣಿ ಕೂಡಿಡುವವರು ಬಟ್ಟಲು ಕೈಗೆ ಬಂದ ಕೂಡಲೇ ಅದನ್ನು ಬೋರಲು ಹಾಕಿ ನೋಡುತ್ತಾರೆ. ಮೇಲಿನ ತಾವರೆ, ಮೋಡ, ಡ್ರ್ಯಾಗನ್‌ಗಳನ್ನು ಕೈಚಳಕವಿದ್ದವರು ಯಾರಾದರೂ ನಕಲು ಮಾಡಿಯಾರು. ಅಡಿಯ ಬಳೆಯಲ್ಲಿ ಮಾತ್ರ ಹೊಳಪಿನ ಲೇಪವಿಲ್ಲದೆ ಮಣ್ಣು ಬರಿಮೈಯಲ್ಲಿರುತ್ತದೆ. ಅದರ ಬಣ್ಣ, ನಯ, ಒಲೆಯಲ್ಲಿ ಅಂಟಿದ ಮರಳು ನೋಡಿ ಪಳಗಿದವರು ಕಾಲ ಅಂದಾಜು ಮಾಡುತ್ತಾರೆ. ಬಟ್ಟಲು ಒಡೆದು ಬೋಕಿಯಾಗಿದ್ದರಂತೂ ಓದುವುದು ಇನ್ನೂ ಸಲೀಸು. ಒಡೆದ ಅಂಚಿನಲ್ಲಿ ಬಿಳಿಮಣ್ಣು, ನೀಲಿ ಬಣ್ಣ, ಮೇಲಿನ ಗಾಜಿನಂಥ ಲೇಪ ಪದರು ಪದರಾಗಿ ಕಾಣುತ್ತವೆ.

ಅಂಥ ಬೋಕಿಗಳು ನಮ್ಮ ಹಂಪಿಯ ನೆಲದಲ್ಲೇ ಸಿಕ್ಕಿವೆ. ರಾಜಾಂಗಣದಿಂದ ತುಸು ಆಚೆ ಗಣ್ಯರ ಮನೆಗಳಿದ್ದ ಜಾಗವನ್ನು ಭಾರತೀಯ ಪುರಾತತ್ತ್ವ ಇಲಾಖೆಯವರು ಅಗೆದಾಗ ಕಲ್ಲಿನ ತಳಪಾಯಗಳ ನಡುವೆ ಚೀನೀ ಪಿಂಗಾಣಿಯ ಚೂರುಗಳು ಬಂದವು. ವಿಜಯನಗರ ಬಾಳಿದ್ದು 1336ರಿಂದ 1565ರವರೆಗೆ. ಚೀನಾದಲ್ಲಿ ಮಿಂಗ್ ಅರಸರ ಕಾಲ 1368ರಿಂದ 1644. ಎರಡೂ ಬಹುಪಾಲು ಒಂದರ ಮೇಲೊಂದು ಕೂರುತ್ತವೆ. ಜಿಂಗ್‌ಡೆಜೆನ್ ಊರಿನ ಒಲೆಗಳಲ್ಲಿ ಸುಮಾರು 1300 ಡಿಗ್ರಿ ಶಾಖದಲ್ಲಿ ಬೆಂದ ಬಟ್ಟಲು ಹಡಗೇರಿ ಪಶ್ಚಿಮ ಕರಾವಳಿಗೆ ಬಂದು, ಘಟ್ಟ ಹತ್ತಿ ತುಂಗಭದ್ರೆಯ ದಂಡೆ ಮುಟ್ಟಿತು. 1443ರಲ್ಲಿ ಪರ್ಷಿಯಾದ ರಾಯಭಾರಿ ಅಬ್ದುರ್ ರಝಾಕ್ ಮಂಗಳೂರಿನ ಮೇಲೆ ಹಾದು ವಿಜಯನಗರಕ್ಕೆ ಬಂದದ್ದೂ ಇಂಥದೇ ಹಾದಿಯಲ್ಲಿ. ಆರಂಭದ ಕಾಲದಲ್ಲಿ ಆ ಬಟ್ಟಲುಗಳ ನೀಲಿಗೆ ಬೇಕಾದ ಕೋಬಾಲ್ಟ್ ಕೂಡ ಪರ್ಷಿಯಾದ ಕಡೆಯಿಂದಲೇ ಚೀನಾಕ್ಕೆ ಹೋಗುತ್ತಿತ್ತು!

ತಮಿಳು ಶಾಸನಗಳನ್ನು ಬದುಕಿಡೀ ಓದಿದ ಜಪಾನೀ ಇತಿಹಾಸಕಾರ ನೊಬೊರು ಕರಾಶಿಮಾ, ದಕ್ಷಿಣ ಭಾರತದಲ್ಲೂ ಶ್ರೀಲಂಕಾದಲ್ಲೂ ಇಂಥ ಚೂರುಗಳ ಬೆನ್ನು ಹತ್ತಿದ್ದರು. ಶಾಸನ ಹೇಳದ ವ್ಯಾಪಾರವನ್ನು ತಿಪ್ಪೆ ಹೇಳುತ್ತದೆ ಎಂಬುದು ಅವರಿಗೆ ಗೊತ್ತಿತ್ತು.

ಜಪಾನಿನ ಪಿಂಗಾಣಿಯ ಕತೆ ಬೇರೆ. ಅಲ್ಲಿನ ಅರಿತಾದಲ್ಲಿ ಒಲೆ ಹೊತ್ತಿದ್ದೇ 1610ರ ದಶಕದಲ್ಲಿ. ಆದ್ದರಿಂದ ಹಾಳಾಗುವ ಮುಂಚಿನ ವಿಜಯನಗರದ್ದೆಂದು ಯಾರಾದರೂ ಜಪಾನಿ ಬಟ್ಟಲು ತೋರಿಸಿದರೆ ನಕ್ಕು ಸುಮ್ಮನಾಗಬಹುದು. ಮಿಂಗ್ ಆಳ್ವಿಕೆ ಕುಸಿದು ಚೀನಾದ ಸರಕು ನಿಂತಾಗ ಡಚ್ಚರು ಅರಿತಾಗೆ ಮುಗಿಬಿದ್ದರು. ಇಮಾರಿ ಬಂದರಿನಿಂದ ಹೊರಟ ಮಾಲಿಗೆ ಆ ಬಂದರಿನ ಹೆಸರೇ ನಿಂತಿತು.

ಅಡಿಯಲ್ಲಿ ಬರೆದ ಅರಸನ ಹೆಸರನ್ನೂ ಪೂರ್ತಿ ನಂಬುವಂತಿಲ್ಲ. ಕಾಂಗ್‌ಶಿ ಅರಸನ ಕಾಲದ (1662–1722) ಕುಶಲಿಗಳು ಇನ್ನೂರು ವರ್ಷ ಹಿಂದಿನ ಅರಸ ಚೆಂಗ್‌ಹುವಾನ ಮುದ್ರೆ ಬರೆದಿದ್ದಾರೆ. ಅದು ಹಿರಿಯರ ಮೇಲಿನ ಗೌರವವೂ ಹೌದು, ವ್ಯಾಪಾರವೂ ಹೌದು. ಇಂಗ್ಲಿಷ್ ಅಕ್ಷರದಲ್ಲಿ ‘ನಿಪ್ಪಾನ್’ (ಜಪಾನ್) ಎಂದಿದ್ದರೆ ಲೆಕ್ಕ ಸುಲಭ: ತಯಾರಾದ ದೇಶದ ಹೆಸರು ಕಡ್ಡಾಯ ಮಾಡಿದ ಅಮೆರಿಕದ ಕಾನೂನು ಜಾರಿಗೆ ಬಂದದ್ದು 1891ರಲ್ಲಿ, ಸಾಮಾನ್ಯವಾಗಿ ಅದಕ್ಕಿಂತ ಹಳೆಯದಲ್ಲ.

ಬಟ್ಟಲಿನಲ್ಲಿ ಅಡಿ ನೋಡುವಂತೆ, ಮರದಚ್ಚಿನ ಜಪಾನಿ ಚಿತ್ರಗಳಲ್ಲಿ ಕಣ್ಣು ಹೋಗಬೇಕಾದದ್ದು ಅಂಚಿಗೆ. 1930ರ ದಶಕದ ಆರಂಭದಲ್ಲಿ ಭಾರತ ಸುತ್ತಿ ತಾಜ್‌ಮಹಲ್, ಮಧುರೆಯ ಗುಡಿಗಳನ್ನು ಅಚ್ಚಿಳಿಸಿದ ಯೋಶಿದಾ ಹಿರೋಶಿ, ತನ್ನ ಉಸ್ತುವಾರಿಯಲ್ಲಿ ಮುದ್ರಿಸಿದ ಪ್ರತಿಗಳ ಅಂಚಿನಲ್ಲಿ ‘ಜಿಜುರಿ’ ಎಂಬ ಮುದ್ರೆ ಒತ್ತಿಸುತ್ತಿದ್ದ. ಅದಿದ್ದರೆ ಬೆಲೆ ಬೇರೆ.

ಕೊಳ್ಳುವ ಶಕ್ತಿ ನಮ್ಮಲ್ಲಿ ಹೆಚ್ಚಿನವರಿಗಿಲ್ಲ, ನೋಡುವುದಕ್ಕೆ ಅದು ಅಡ್ಡಿಯೂ ಅಲ್ಲ. ಕುಡುಮಲಕುಂಟೆ, ಗೌರಿಬಿದನೂರಿನ ಕಡೆಯವರಿಗೆ ಹಿಂದೂಪುರ, ಗುಂತಕಲ್ ಹಾದು ಹೊಸಪೇಟೆಗೆ ರೈಲಿದೆ. ಅಲ್ಲಿಂದ ಕಮಲಾಪುರದ ಪುರಾತತ್ತ್ವ ವಸ್ತುಸಂಗ್ರಹಾಲಯಕ್ಕೆ ಹೋದರೆ ಅಗೆತದಲ್ಲಿ ಸಿಕ್ಕ ಪಿಂಗಾಣಿ ಕಾಣುತ್ತದೆ. ಇಡೀ ಪಾತ್ರೆಗಳನ್ನೇ ನೋಡಬೇಕೆಂದರೆ ಹೈದರಾಬಾದಿನ ಸಾಲಾರ್ ಜಂಗ್ ಮ್ಯೂಸಿಯಂ. ಮೂರನೇ ಸಾಲಾರ್ ಜಂಗ್ ಮದುವೆಯಾಗದೆ, ಬಂದ ಹಣದ ದೊಡ್ಡ ಪಾಲನ್ನು ಸಂಗ್ರಹಕ್ಕೆ ಸುರಿದು 1949ರಲ್ಲಿ ತೀರಿಕೊಂಡವರು. ಚೀನಾ, ಜಪಾನಿನ ವಸ್ತುಗಳಿಗೆ ಅಲ್ಲಿ ಬೇರೆ ಕೋಣೆಗಳೇ ಇವೆ. ಈ ಎರಡೂ ವಸ್ತುಸಂಗ್ರಹಾಲಯಗಳಿಗೆ ಶುಕ್ರವಾರ ರಜೆ.

ಹಂಪಿಯ ಬಯಲಲ್ಲಿ ನೀಲಿ ಗೆರೆಯ ಚೂರೊಂದು ಕಾಲಿಗೆ ತೊಡರಿದರೆ ಜೇಬಿಗೆ ಹಾಕಬೇಡಿ. ನೂರು ವರ್ಷ ದಾಟಿದ್ದು 1972ರ ಕಾನೂನಿನಲ್ಲಿ ಪುರಾತನ ವಸ್ತು. ಅದಕ್ಕಿಂತ ಮುಖ್ಯವಾಗಿ, ಬಿದ್ದ ಜಾಗ ತಪ್ಪಿದ ಬೋಕಿ ಮೂಕ. ಎರಡೂ ವಸ್ತುಸಂಗ್ರಹಾಲಯಗಳಿಗೆ ಶುಕ್ರವಾರ ರಜೆ.