ಹಸುವಿನ ನಡತೆ: ರೋಗದ ಮೊದಲ ಸೂಚನೆ

ರಾಮನಗರ, ಚನ್ನಪಟ್ಟಣ, ಕನಕಪುರ ಮತ್ತು ಮಾಗಡಿ ತಾಲ್ಲೂಕುಗಳ ಅನೇಕ ಮನೆಗಳಲ್ಲಿ ರೇಷ್ಮೆ ಹಾಗೂ ಹೈನುಗಾರಿಕೆ ಜೊತೆಜೊತೆಯಾಗಿ ನಡೆಯುತ್ತವೆ. ಹುಳು ಮೇವು ಬಿಟ್ಟು ತಲೆಯೆತ್ತಿ ನಿಂತರೆ ಜ್ವರಕ್ಕೆ ಕೂತಿದೆಯೆಂದು ಇಲ್ಲಿನ ರೈತರು ಕೂಡಲೇ ತಿಳಿದು ಸೊಪ್ಪು ಹಾಕುವುದನ್ನು ನಿಲ್ಲಿಸುತ್ತಾರೆ. ಇದೇ ಗಮನ ಕೊಟ್ಟಿಗೆಗೂ ಅಗತ್ಯ. ನಾಲ್ಕನೇ ಜ್ವರದಿಂದ ಎದ್ದ ಹುಳು ಹಣ್ಣಾಗುವವರೆಗೆ, ಸುಮಾರು ಒಂದು ವಾರ, ಮನೆಮಂದಿಗೆ ಬಿಡುವಿರದು. ಆಗ ಹಸುವಿನ ಬೆದೆ ತಪ್ಪುವುದು, ಕಾಯಿಲೆ ತಡವಾಗಿ ತಿಳಿಯುವುದು ಸುಲಭ.

ಪಶುವೈದ್ಯರು ಹಸುವನ್ನು ನೋಡುವುದು ಕೆಲವೇ ನಿಮಿಷ. ಹೊಸಬರೆದುರು ಅದು ಬೆದರಿಯೂ ಇರುತ್ತದೆ. ಆದ್ದರಿಂದ ರೈತರು ಕಂಡ ನಡತೆ ರೋಗನಿದಾನಕ್ಕೆ ಬಹಳ ಮುಖ್ಯ.

ರೋಗದ ಗುರುತುಗಳು

ಆರೋಗ್ಯವಂತ ಹಸು ದಿನಕ್ಕೆ 7–8 ಗಂಟೆ ಮೆಲುಕು ಹಾಕುತ್ತದೆ. ಮೆಲುಕು ನಿಂತಿದ್ದರೆ ಅದೇ ಮೊದಲ ಎಚ್ಚರಿಕೆ. ಪದೇಪದೇ ಮಲಗಿ ಎದ್ದು, ಹೊಟ್ಟೆಗೆ ಒದ್ದುಕೊಳ್ಳುತ್ತಿದ್ದರೆ ಹೊಟ್ಟೆನೋವೆಂದು ತಿಳಿಯಬೇಕು.

ಕರು ಹಾಕಿದ ಒಂದೆರಡು ದಿನಗಳಲ್ಲಿ ಹಸು ಏಳಲಾರದೆ, ಕತ್ತನ್ನು ಪಕ್ಕೆಗೆ ತಿರುಗಿಸಿ ಮಲಗಿದ್ದರೆ ಹಾಲುಜ್ವರದ ಸಂಶಯ ಪಡಬೇಕು. ಹೆಸರಿನಲ್ಲಿ ಜ್ವರವಿದ್ದರೂ ಕಿವಿ ತಣ್ಣಗಿರುತ್ತದೆ. ರಕ್ತದಲ್ಲಿ ಸುಣ್ಣದಂಶ ಕುಸಿದಿರುವುದೇ ಕಾರಣ. ಬಾಯಿಗೆ ಏನನ್ನೂ ಹೊಯ್ಯಬಾರದು. ನುಂಗಲಾಗದೆ ಶ್ವಾಸಕೋಶಕ್ಕೆ ಇಳಿದೀತು. ಕೂಡಲೇ ವೈದ್ಯರನ್ನು ಕರೆಸಿದರೆ ಹಸು ಸಾಮಾನ್ಯವಾಗಿ ಉಳಿಯುತ್ತದೆ.

ಗೊಗ್ಗರು ದನಿಯಲ್ಲಿ ಅರಚುತ್ತ, ಜೊಲ್ಲು ಸುರಿಸುತ್ತ, ಗಂಟಲಲ್ಲಿ ಏನೋ ಸಿಕ್ಕಿದಂತೆ ವರ್ತಿಸುವ ಹಸುವಿನ ಬಾಯಿಗೆ ಬರಿಗೈ ಹಾಕಲೇಬಾರದು. ಅದು ಹುಚ್ಚುನಾಯಿ ರೋಗವಿರಬಹುದು. ಜೊಲ್ಲು ಗಾಯಕ್ಕೆ ತಾಗಿದ್ದರೆ ಸಾಬೂನು ನೀರಿನಿಂದ 15 ನಿಮಿಷ ತೊಳೆದು, ಅಂದೇ ಆಸ್ಪತ್ರೆಗೆ ಹೋಗಿ ಲಸಿಕೆ ಪಡೆಯಬೇಕು.

ಬೆದೆಯ ಗುರುತುಗಳು

ಬೆದೆ ಸುಮಾರು 21 ದಿನಗಳಿಗೊಮ್ಮೆ ಬರುತ್ತದೆ. ಇರುವುದು 12–18 ಗಂಟೆ ಮಾತ್ರ. ಬೇರೆ ಹಸು ಮೇಲೇರಿದಾಗ ಅಲುಗದೆ ನಿಲ್ಲುವುದೇ ಖಚಿತ ಗುರುತು. ಸದಾ ಕಟ್ಟಿದ ಹಸು ಇದನ್ನು ತೋರಿಸಲಾರದು. ಆದ್ದರಿಂದ ಬೆಳಿಗ್ಗೆ, ಸಂಜೆ ಅರ್ಧ ಗಂಟೆ ಬಿಟ್ಟು ನೋಡಬೇಕು. ಬೆಳಿಗ್ಗೆ ಬೆದೆ ಕಂಡರೆ ಅಂದು ಸಂಜೆ, ಸಂಜೆ ಕಂಡರೆ ಮರುದಿನ ಬೆಳಿಗ್ಗೆ ಕೃತಕ ಗರ್ಭಧಾರಣೆ ಮಾಡಿಸಬೇಕು. ಒಂದು ಬೆದೆ ತಪ್ಪಿದರೆ ಮೂರು ವಾರಗಳ ಮೇವು ವ್ಯರ್ಥ.

ಹುಳುಮನೆಯ ಕೆಲಸ ಎಷ್ಟೇ ಇರಲಿ, ಮನೆಯ ಒಬ್ಬರಿಗೆ ಕೊಟ್ಟಿಗೆ ನೋಡುವ ಹೊಣೆ ವಹಿಸಿರಿ. ಕಂಡದ್ದನ್ನು ದಿನಾಂಕ, ವೇಳೆ ಸಹಿತ ಬರೆದಿಟ್ಟು ವೈದ್ಯರಿಗೆ ತೋರಿಸಿರಿ.