ಗಾಡಿ ನಿಂತರೂ ಖರ್ಚು ನಿಲ್ಲೋದಿಲ್ರಿ!

ಉಪ್ಪಿನಬೆಟಗೇರಿ: ನೌಕರಿಗೆ ನಿವೃತ್ತಿ ಉಂಟು, ಗಾಡಿಯ ಖರ್ಚಿಗೆ ನಿವೃತ್ತಿ ಇಲ್ಲ. ಧಾರವಾಡದಲ್ಲಿ ಮಾಸ್ತರಿಕೆ, ಕಾರಕೂನಿಕೆ, ಬಸ್ಸಿನ ಕಂಡಕ್ಟರಿಕೆ ಮುಗಿಸಿ ಊರ ಮನೆಗೆ ಬಂದು ಕುಂತ ಹಿರಿಯರ ಅಂಗಳದಲ್ಲಿ ಒಂದು ಹಳೇ ಸ್ಕೂಟರು, ಇಲ್ಲವೆ ಮೋಟರ್ ಸೈಕಲ್ ನಿಂತಿರುತ್ತದೆ. ಪಿ.ಎಫ್. ರೊಕ್ಕದಾಗ ಕೊಂಡದ್ದು, ಈಗ ಗೋಣಿಚೀಲ ಹೊದ್ದು ಕುಂತದ್ದು. ವಾರಕ್ಕೆರಡು ಸಲ ಹೊಲ, ತಿಂಗಳಿಗೊಮ್ಮೆ ಬ್ಯಾಂಕು, ಆವಾಗೀವಾಗ ಧಾರವಾಡದ ದವಾಖಾನಿ. ಅದರ ಓಡಾಟ ಇಷ್ಟೇ. ಆದರೆ ಸರಕಾರದ ಮತ್ತು ವಿಮಾ ಕಂಪನಿಯ ಪುಸ್ತಕದಲ್ಲಿ ಅದಕ್ಕೂ ದಿನಾ ನೂರು ಮೈಲಿ ಓಡುವ ಗಾಡಿಗೂ ಫರಕೇ ಇಲ್ಲ!

ತುಟ್ಟಿ ಆದದ್ದು ಪೆಟ್ರೋಲು ಒಂದೇ ಎಂದು ತಿಳಿದವರು ತಮ್ಮ ಆರ್.ಸಿ. ತೆಗೆದು ತಾರೀಖು ನೋಡಿಕೊಳ್ಳುವುದು ಒಳ್ಳೆಯದು.

ಆರು ನೂರರಿಂದ ಹತ್ತು ಸಾವಿರಕ್ಕೆ

ಖಾಸಗಿ ಗಾಡಿಯ ನೋಂದಣಿಗೆ 15 ವರ್ಷದ ಆಯುಷ್ಯ. ಅದು ಮುಗಿದ ಮೇಲೆ 5 ವರ್ಷಕ್ಕೊಮ್ಮೆ ನವೀಕರಣ ಮಾಡಿಸಬೇಕು. ನಮ್ಮ ಮಂದಿ ಇದಕ್ಕೆ ‘ಮತ್ತ ಪಾಸಿಂಗ್ ಮಾಡ್ಸೋದು’ ಅಂತಾರೆ. 2022ರ ಮಾರ್ಚ್ ತನಕ ಈ ಕೆಲಸಕ್ಕೆ ಮೋಟರ್ ಸೈಕಲ್ಲಿಗೆ ರೂ. 300, ಕಾರಿಗೆ ರೂ. 600 ಶುಲ್ಕವಿತ್ತು. ಅದೇ ವರ್ಷ ಏಪ್ರಿಲ್ 1ರಿಂದ ಅದು ಒಮ್ಮೆಲೇ ರೂ. 1000 ಮತ್ತು ರೂ. 5000 ಆಯಿತು. ಅಷ್ಟಕ್ಕೂ ಸಮಾಧಾನವಾಗಲಿಲ್ಲ. 2025ರ ಆಗಸ್ಟದಲ್ಲಿ ಕೇಂದ್ರದ ಸಾರಿಗೆ ಮಂತ್ರಾಲಯ ಹೊಸ ಅಧಿಸೂಚನೆ ಹೊರಡಿಸಿ, 20 ವರ್ಷ ದಾಟಿದ ಮೋಟರ್ ಸೈಕಲ್ಲಿಗೆ ರೂ. 2000, ಕಾರಿಗೆ ರೂ. 10,000 ಎಂದು ಗೊತ್ತುಮಾಡಿತು.

ಅಂದರೆ 2004ರಲ್ಲಿ ಕೊಂಡ ಮಾರುತಿ 800 ಗಾಡಿಯ ಮಾಲೀಕರಿಗೆ ಆರು ನೂರು ರೂಪಾಯಿಯ ಕೆಲಸ ಮೂರೂವರೆ ವರ್ಷದೊಳಗೆ ಹತ್ತು ಸಾವಿರಕ್ಕೆ ಏರಿತು. ಹದಿನಾರು ಪಟ್ಟಿಗೂ ಮಿಗಿಲು! ಯಾವ ಪಿಂಚಣಿ ಹಿಂಗ ಏರೇತಿ, ಹೇಳ್ರಿ? ಕಾರ್ಖಾನೆ, ಗಿರಣಿ, ಸಾರಿಗೆ ಸಂಸ್ಥೆಗಳಲ್ಲಿ ದುಡಿದವರಿಗೆ ಸಿಗುವ 1995ರ ನೌಕರರ ಪಿಂಚಣಿ ಯೋಜನೆಯ ಕನಿಷ್ಠ ಮೊತ್ತವನ್ನು ತಿಂಗಳಿಗೆ ರೂ. 1000 ಎಂದು ಗೊತ್ತುಮಾಡಿದ್ದು 2014ರ ಸೆಪ್ಟೆಂಬರದಲ್ಲಿ. ಹತ್ತು ವರ್ಷ ತುಂಬಿದಾಗಲೂ ಅದು ಅಲ್ಲೇ ಇತ್ತು.

ಹಳೇ ಗಾಡಿ ಹೊಗೆ ಕಾರುತ್ತದೆ, ಅದನ್ನು ರಸ್ತೆಯಿಂದ ಇಳಿಸಬೇಕು ಎಂಬುದು ಸರಕಾರದ ವಾದ. ಹೊಗೆ ಬಿಡುವ ಗಾಡಿಯ ಪರವಾಗಿ ನಾವೇನೂ ವಕಾಲತ್ತು ಹಾಕುವುದಿಲ್ಲ. ಆದರೆ ಹೊಗೆ ಅಳೆಯಲಿಕ್ಕೆ ಬೇರೆ ಪರೀಕ್ಷೆಯೇ ಇದೆಯಲ್ಲ? ಹಳೇ ಗಾಡಿಯವರು ಆರು ತಿಂಗಳಿಗೊಮ್ಮೆ ರೊಕ್ಕ ಕೊಟ್ಟು ಆ ಸರ್ಟಿಫಿಕೇಟು ತರುತ್ತಲೇ ಇದ್ದಾರೆ. ಅದರಲ್ಲಿ ಪಾಸಾದ ಗಾಡಿಗೂ ವಯಸ್ಸಿನ ದಂಡ ಯಾಕೆ ಎಂಬುದು ನಮ್ಮ ಪ್ರಶ್ನೆ.

ಇನ್ನು ತಡವಾದರೆ? ನವೀಕರಣದ ಅರ್ಜಿ ತಪ್ಪಿದ ಪ್ರತಿ ತಿಂಗಳಿಗೆ ಮೋಟರ್ ಸೈಕಲ್ಲಿಗೆ ರೂ. 300, ಉಳಿದ ಖಾಸಗಿ ಗಾಡಿಗೆ ರೂ. 500 ಹೆಚ್ಚುವರಿ. ಮೂಲೆಯಲ್ಲಿ ನಿಂತ ಗಾಡಿಯ ತಾರೀಖು ಯಾರು ನೆನಪಿಡುತ್ತಾರೆ? ಮಗ ಬೆಂಗಳೂರಿನಿಂದ ಹಬ್ಬಕ್ಕೆ ಬಂದು ಆರ್.ಸಿ. ನೋಡುವ ಹೊತ್ತಿಗೆ ವರ್ಷವೇ ಕಳೆದಿರುತ್ತದೆ. ಒಂದು ವರ್ಷ ಮರೆತರೆ ಸ್ಕೂಟರಿನ ಮೇಲೆ ರೂ. 3600 ಕೂತಿತು. ಅಷ್ಟು ರೊಕ್ಕಕ್ಕೆ ಗುಜರಿಯವನು ಆ ಸ್ಕೂಟರು ಕೊಂಡಾನೆಯೇ ಎಂಬುದೇ ಅನುಮಾನ.

ವಿಮೆಯ ಲೆಕ್ಕ

‘ವಿಮಾ ಕಂತು ಭಾಳ ಏರೇತ್ರಿ’ ಎಂಬ ಮಾತು ಬಸ್ಸಿನಲ್ಲಿ ಕೇಳುತ್ತೇವೆ. ಪೂರ್ತಿ ನಿಜವಲ್ಲ, ಪೂರ್ತಿ ಸುಳ್ಳೂ ಅಲ್ಲ. ಕಾನೂನಿನ ಪ್ರಕಾರ ಕಡ್ಡಾಯವಾದದ್ದು ಥರ್ಡ್ ಪಾರ್ಟಿ ವಿಮೆ ಮಾತ್ರ. ಅದರ ದರವನ್ನು ಕಂಪನಿ ಅಲ್ಲ, ಸರಕಾರವೇ ಗೊತ್ತುಮಾಡುತ್ತದೆ. 2022ರ ಜೂನ್ 1ರ ಪಟ್ಟಿಯಲ್ಲಿ 75 ಸಿ.ಸಿ. ತನಕದ ಲೂನಾದಂಥ ಗಾಡಿಗೆ ರೂ. 538, 75ರಿಂದ 150 ಸಿ.ಸಿ.ಗೆ ರೂ. 714, 150ರಿಂದ 350 ಸಿ.ಸಿ.ಗೆ ರೂ. 1366. ಕಾರಿಗೆ 1000 ಸಿ.ಸಿ. ತನಕ ರೂ. 2094, 1000ದಿಂದ 1500 ಸಿ.ಸಿ.ಗೆ ರೂ. 3416. ಸಾಮಾನ್ಯ ಸ್ಕೂಟರಿಗೆ 2019ರಲ್ಲಿ ರೂ. 752 ಇದ್ದದ್ದು ಈ ಪಟ್ಟಿಯಲ್ಲಿ ಕಡಿಮೆಯೇ ಆಗಿದೆ. ಹಳೇ ಬುಲೆಟ್, ಯೆಜ್ಡಿ ಇಟ್ಟುಕೊಂಡ ಶೋಕಿಯ ಹಿರಿಯರಿಗೆ ಮಾತ್ರ ರೂ. 1193 ಇದ್ದದ್ದು ರೂ. 1366 ಆಯಿತು.

ಇದರ ಮೇಲೆ ಶೇ. 18 ಜಿ.ಎಸ್.ಟಿ. 2025ರ ಸೆಪ್ಟೆಂಬರ್ 22ರಿಂದ ಖಾಸಗಿ ವ್ಯಕ್ತಿಗಳ ಜೀವವಿಮೆಗೂ ಆರೋಗ್ಯವಿಮೆಗೂ ಈ ತೆರಿಗೆ ಪೂರ್ತಿ ಮಾಫಿಯಾಯಿತು. ಸರಕು ಹೇರುವ ಲಾರಿ, ಟೆಂಪೋಗಳ ಥರ್ಡ್ ಪಾರ್ಟಿ ವಿಮೆಗೆ ಶೇ. 5ಕ್ಕೆ ಇಳಿಯಿತು. ಒಳ್ಳೇದಾತು. ಆದರೆ ನಿವೃತ್ತ ಮಾಸ್ತರರ ಸ್ಕೂಟರಿಗೆ ಶೇ. 18 ಹಾಗೆಯೇ ಉಳಿಯಿತು. ಇದ್ಯಾವ ನ್ಯಾಯ?

ಲೆಕ್ಕ ಹಾಕಿ ನೋಡೋಣ. 20 ವರ್ಷ ದಾಟಿದ 110 ಸಿ.ಸಿ. ಗಾಡಿಗೆ ವಿಮೆ ತೆರಿಗೆ ಸಹಿತ ರೂ. 842. ನೋಂದಣಿಯ ರೂ. 2000ವನ್ನು 5 ವರ್ಷಕ್ಕೆ ಹಂಚಿದರೆ ವರ್ಷಕ್ಕೆ ರೂ. 400. ಚಕ್ರ ಒಂದು ಸುತ್ತು ತಿರುಗುವ ಮೊದಲೇ ವರ್ಷಕ್ಕೆ ಸಾವಿರದ ಇನ್ನೂರ ನಲವತ್ತರ ಮೇಲೆ! ಮಾರುತಿ 800 ಆದರೆ ವಿಮೆ ರೂ. 2470, ನೋಂದಣಿ ರೂ. 2000, ಒಟ್ಟು ರೂ. 4470. ಇದರಲ್ಲಿ ಹೊಗೆ ಪರೀಕ್ಷೆ, ಹಸಿರು ತೆರಿಗೆ, ಹೊಸ ನಮೂನೆಯ ನಂಬರ್ ಪ್ಲೇಟು, ಲೈಸೆನ್ಸು ಯಾವುದೂ ಸೇರಿಲ್ಲ. ನಿಂತು ನಿಂತು ಸತ್ತ ಬ್ಯಾಟರಿ, ಬಿರುಕು ಬಿಟ್ಟ ಟೈರಿನ ಮಾತಂತೂ ಬೇರೆ. ಲೈಸೆನ್ಸೂ ಅಷ್ಟೇ. 55 ದಾಟಿದವರಿಗೆ ಐದೈದು ವರ್ಷಕ್ಕೆ ಮಾತ್ರ ಸಿಗುತ್ತದೆ, ಪ್ರತಿ ಸಲ ಡಾಕ್ಟರ ಸರ್ಟಿಫಿಕೇಟು ಬೇಕು. ಮುಗಿದು ಒಂದು ವರ್ಷ ದಾಟಿತೋ, ಎಪ್ಪತ್ತರ ಅಜ್ಜನೂ ಹುಡುಗರ ಸಾಲಿನಲ್ಲಿ ನಿಂತು ಮತ್ತೆ ಟೆಸ್ಟ್ ಕೊಡಬೇಕು.

ಉಳಿಸಬಾರದ ರೊಕ್ಕ

ಕೈ ಬಿಗಿಯಾದಾಗ ಮನುಷ್ಯ ಏನು ಮಾಡುತ್ತಾನೆ? ಕಣ್ಣಿಗೆ ಕಾಣದ ಖರ್ಚನ್ನು ಮೊದಲು ಕಡಿಯುತ್ತಾನೆ. ‘ನಾ ಎಲ್ಲಿ ಹೋಗ್ತೇನಿ, ಹೊಲಕ್ಕ ಹೋಗಿ ಬರ್ತೇನಿ, ಇನ್ಶೂರನ್ಸ್ ಯಾಕ ಬೇಕು?’ ಈ ಮಾತೇ ಮನೆ ಮುರಿಯುವ ಮಾತು.

ವಿಮೆ ಇಲ್ಲದೆ ಸಿಕ್ಕರೆ ಕೇಂದ್ರ ಕಾನೂನಿನಲ್ಲಿ ಮೊದಲ ಸಲಕ್ಕೆ ರೂ. 2000 ದಂಡ ಅಥವಾ ಮೂರು ತಿಂಗಳ ತನಕ ಸಜೆ. ದಂಡ ಹೋಗಲಿ ಬಿಡಿ. ಹೊಲದ ದಾರಿಯಲ್ಲೇ ಒಂದು ಕೂಸು ಅಡ್ಡ ಬಂತು, ಎದುರಿನ ಸೈಕಲ್ಲಿನವನು ಬಿದ್ದು ಕಾಲು ಮುರಿದುಕೊಂಡ ಎಂದು ಇಟ್ಟುಕೊಳ್ಳಿ. 2022ರ ಏಪ್ರಿಲದಿಂದ ಜಾರಿಯಲ್ಲಿರುವ ಕಲಮಿನ ಪ್ರಕಾರ, ತಪ್ಪು ಯಾರದೆಂದು ನೋಡದೆ ಕೊಡಬೇಕಾದ ಪರಿಹಾರವೇ ಸಾವಿಗೆ 5 ಲಕ್ಷ, ಭಾರೀ ಗಾಯಕ್ಕೆ ಎರಡೂವರೆ ಲಕ್ಷ. ತಪ್ಪು ಸಾಬೀತಾಗಿ ಕ್ಲೇಮ್ ಕೇಸು ನಡೆದರೆ ಇನ್ನೂ ಹೆಚ್ಚು. ವಿಮೆ ಇದ್ದರೆ ಕಂಪನಿ ಕೊಡುತ್ತದೆ. ಇಲ್ಲದಿದ್ದರೆ ಮಾಲೀಕನೇ ಕೊಡಬೇಕು. ಕೊಡದಿದ್ದರೆ ನ್ಯಾಯಮಂಡಳಿಯ ಸರ್ಟಿಫಿಕೇಟು ಜಿಲ್ಲಾಧಿಕಾರಿಗಳಿಗೆ ಹೋಗುತ್ತದೆ, ಭೂಕಂದಾಯದ ಬಾಕಿಯಂತೆ ವಸೂಲಿ ನಡೆಯುತ್ತದೆ. ಸರಕಾರಿ ಪಿಂಚಣಿಗೆ ಜಪ್ತಿಯಿಂದ ಕಾನೂನಿನ ರಕ್ಷಣೆ ಉಂಟು. ಅಪ್ಪನಿಂದ ಬಂದ ಎರಡು ಎಕರೆ ಎರಿಹೊಲಕ್ಕೆ ಅದಿಲ್ಲ. ರೂ. 842 ಉಳಿಸಲು ಹೋಗಿ ಹೊಲ ಒತ್ತೆ ಇಟ್ಟಂತೆ ಆಗುತ್ತದೆ.

ಮೊಮ್ಮಗನ ವಿಷಯ ಇನ್ನೂ ನಾಜೂಕು. ಅಜ್ಜನ ಗಾಡಿ ಬಿಡುವಾಗಿ ನಿಂತದ್ದು ಕಂಡರೆ ಹತ್ತನೇ ಇಯತ್ತೆಯ ಹುಡುಗನ ಕೈ ಸುಮ್ಮನಿರುವುದಿಲ್ಲ. ‘ಅಂಗಡಿತನಕ ಹೋಗಿ ಬರ್ತಾನ ಬಿಡ್ರಿ’ ಅಂತಾಳ ಅಜ್ಜಿ. 2019ರ ತಿದ್ದುಪಡಿಯ ಪ್ರಕಾರ ಹದಿನೆಂಟು ತುಂಬದವರು ಗಾಡಿ ಹೊಡೆದು ಅಪರಾಧವಾದರೆ ಪಾಲಕರಿಗೆ ಅಥವಾ ಮಾಲೀಕರಿಗೆ 3 ವರ್ಷದ ತನಕ ಸಜೆ ಮತ್ತು ರೂ. 25,000 ದಂಡ, ಗಾಡಿಯ ನೋಂದಣಿ 12 ತಿಂಗಳು ರದ್ದು. ವಿಮೆ ಇದ್ದರೂ, ಲೈಸೆನ್ಸ್ ಇಲ್ಲದವನು ಹೊಡೆದಿದ್ದರೆ ಕಂಪನಿ ಗಾಯಾಳುವಿಗೆ ಕೊಟ್ಟ ರೊಕ್ಕವನ್ನು ಮಾಲೀಕನಿಂದ ತಿರುಗಿ ವಸೂಲು ಮಾಡಬಹುದು. ಕೀಲಿಕೈ ಅಜ್ಜನ ಕಿಸೆಯಲ್ಲೇ ಇರಲಿ.

ಮಾರಿದರೂ ಬಿಡದ ಗಾಡಿ

ಖರ್ಚು ತಾಳದೆ ಗಾಡಿ ಮಾರುವವರಲ್ಲಿ ಒಂದು ರೂಢಿ ಉಂಟು. ಸ್ಟಾಂಪ್ ಪೇಪರಿನ ಮೇಲೆ ಸಹಿ, ಕೈಗೆ ನಾಲ್ಕೈದು ಸಾವಿರ, ಕೀಲಿಕೈ ಕೊಟ್ಟು ನಮಸ್ಕಾರ. ಆರ್.ಸಿ. ಮಾತ್ರ ಹಳೇ ಹೆಸರಿನಲ್ಲೇ. 2018ರ ಫೆಬ್ರುವರಿ 6ರಂದು ಸುಪ್ರೀಂ ಕೋರ್ಟು ಇಂಥದೇ ಪ್ರಕರಣದಲ್ಲಿ ತೀರ್ಪು ಕೊಟ್ಟಿತು. ಆ ಗಾಡಿ ಒಬ್ಬರಿಂದೊಬ್ಬರಿಗೆ ಹಲವು ಕೈ ದಾಟಿ ಹೋಗಿತ್ತು. ಆದರೂ ಆರ್.ಟಿ.ಓ. ದಾಖಲೆಯಲ್ಲಿ ಯಾರ ಹೆಸರು ಇದೆಯೋ ಅವನೇ ಮಾಲೀಕ, ಪರಿಹಾರ ಅವನ ತಲೆಗೆ ಎಂದು ಕೋರ್ಟು ಹೇಳಿತು. ಆದ್ದರಿಂದ ಮಾರಿದ 14 ದಿನದೊಳಗೆ ಧಾರವಾಡದ ಆರ್.ಟಿ.ಓ. ಕಚೇರಿಗೆ ಫಾರ್ಮ್ 29, 30 ಸಲ್ಲಿಸಿ ಹೆಸರು ಬದಲಿಸದ ಹೊರತು ಗಾಡಿ ಮಾರಿದಂತೆ ಅಲ್ಲ. ತೀರಿಹೋದವರ ಹೆಸರಿನಲ್ಲಿ ಓಡುತ್ತಿರುವ ಗಾಡಿಗಳಿಗೂ ಈ ಮಾತು ಅನ್ವಯ. ವಾರಸುದಾರರು 30 ದಿನದಲ್ಲಿ ತಿಳಿಸಿ, ಮೂರು ತಿಂಗಳೊಳಗೆ ತಮ್ಮ ಹೆಸರಿಗೆ ಮಾಡಿಸಿಕೊಳ್ಳಬೇಕು.

ಹಾಗಾದರೆ ಎಲ್ಲಿ ಕಡಿಯುವುದು?

ಕಡಿಯಲು ಜಾಗ ಇದೆ. ಗಾಡಿ ಓಡಿಸುವ ಮಾಲೀಕನಿಗೆ 15 ಲಕ್ಷದ ಅಪಘಾತ ವಿಮೆ 2018ರಿಂದ ಕಡ್ಡಾಯವಾಗಿದೆ. ಆಗ ಅದಕ್ಕೆ ವರ್ಷಕ್ಕೆ ರೂ. 750 ಗೊತ್ತುಮಾಡಿದ್ದರು. ಆದರೆ ಅದು ಒಬ್ಬ ಮನುಷ್ಯನಿಗೆ ಒಂದೇ ಸಾಕು. ಮನೆಯಲ್ಲಿ ಅದೇ ಹೆಸರಿನ ಸ್ಕೂಟರೂ ಕಾರೂ ಇದ್ದರೆ ಎರಡಕ್ಕೂ ಕಟ್ಟುವ ಕಾರಣವಿಲ್ಲ. ಬೇರೆ ಕಡೆ ಅಷ್ಟೇ ಮೊತ್ತದ ಅಪಘಾತ ಪಾಲಿಸಿ ಇದ್ದವರಿಗೂ ಬೇಡ. ಏಜೆಂಟರು ತಾವಾಗಿ ಹೇಳುವುದಿಲ್ಲ, ನಾವೇ ಕೇಳಬೇಕು.

ಕಾರಿಗೆ ‘ಫುಲ್ ಇನ್ಶೂರನ್ಸ್’ ಕಟ್ಟುವವರು ನೋ ಕ್ಲೇಮ್ ಬೋನಸ್ ಬಿಡಬಾರದು. ಮೊದಲ ವರ್ಷ ಶೇ. 20ರಿಂದ ಏರುತ್ತ ಶೇ. 50ರ ತನಕ ಸೂಟು ಸಿಗುತ್ತದೆ. ಅದು ಗಾಡಿಯದಲ್ಲ, ಮಾಲೀಕನದು, ಗಾಡಿ ಬದಲಿಸಿದರೂ ಜತೆಗೆ ಬರುತ್ತದೆ. ಆದರೆ ಪಾಲಿಸಿ ಮುಗಿದು 90 ದಿನ ಬಿಟ್ಟರೆ ಪೂರ್ತಿ ಹೋಯಿತು. ಕಡಿಮೆ ಓಡುವ ಗಾಡಿಗೆ ಓಡಿದಷ್ಟೇ ಕಂತು ಎಂಬ ಪದ್ಧತಿಗೂ 2022ರ ಜುಲೈದಲ್ಲಿ ವಿಮಾ ಪ್ರಾಧಿಕಾರ ಪರವಾನಿಗೆ ಕೊಟ್ಟಿತು. ಸ್ವಂತ ಗಾಡಿಯ ನುಕಸಾನಿಯ ಭಾಗಕ್ಕೆ ಮಾತ್ರ, ಥರ್ಡ್ ಪಾರ್ಟಿಗೆ ಇಲ್ಲ. ಸ್ಕೂಟರಿನ ಅಜ್ಜಗ ಇದರಿಂದ ಮೂರು ಕಾಸಿನ ಉಪಯೋಗವಿಲ್ಲ.

ಹತ್ತು ಹದಿನೈದು ವರ್ಷದ ದ್ವಿಚಕ್ರಕ್ಕೆ ಫುಲ್ ಇನ್ಶೂರನ್ಸ್ ಕಟ್ಟುವುದು ದಂಡವೇ ಎನ್ನಬಹುದು. ಆದರೆ ಒಂದು ಮಾತು ಕಿವಿಯಲ್ಲಿರಲಿ. ಬರೇ ಥರ್ಡ್ ಪಾರ್ಟಿ ಕಟ್ಟಿದರೆ ಹಿಂದಿನ ಸೀಟಿನಲ್ಲಿ ಕುಂತವರಿಗೆ ರಕ್ಷಣೆ ಇಲ್ಲ ಎಂದು ಸುಪ್ರೀಂ ಕೋರ್ಟು 2006ರಲ್ಲೇ ಹೇಳಿದೆ. ದವಾಖಾನಿಗೆಂದು ಹೆಂಡತಿಯನ್ನು ಹಿಂದೆ ಕೂರಿಸಿಕೊಂಡು ಹೋಗುವ ಯಜಮಾನರು ಹಿಂಬದಿ ಸವಾರರ ಅಪಘಾತ ವಿಮೆಯನ್ನು ಬೇರೆಯಾಗಿ ಕೇಳಿ ಸೇರಿಸಿಕೊಳ್ಳುವುದು ಒಳಿತು.

ಮನೆಯಾಕಿಗೆ ಫುಕ್ಕಟ, ಯಜಮಾನಗ ಟಿಕೀಟು

ವಾಯವ್ಯ ಸಾರಿಗೆಯ ಬಸ್ಸು ಇರುವಾಗ ಗಾಡಿ ಯಾಕೆ ಎಂದು ಕೇಳುವವರೂ ಇದ್ದಾರೆ. 2023ರ ಜೂನ್ 11ರಿಂದ ಶಕ್ತಿ ಯೋಜನೆಯಲ್ಲಿ ಹೆಣ್ಣುಮಕ್ಕಳಿಗೆ ಸಾಮಾನ್ಯ ಬಸ್ಸು ಉಚಿತ. ಗಂಡಸರಿಗೆ 2025ರ ಜನವರಿ 5ರಂದು ಟಿಕೀಟು ಶೇ. 15 ಏರಿತು. ಹೀಗಾಗಿ ಹಿರಿಯ ದಂಪತಿಗಳಲ್ಲಿ ಹೆಂಡತಿ ಬಸ್ಸಿಗೆ, ಗಂಡ ಸ್ಕೂಟರಿಗೆ, ಇಬ್ಬರೂ ಧಾರವಾಡದಲ್ಲಿ ಭೇಟಿ ಎಂಬ ಚೇಷ್ಟೆ ಹುಟ್ಟಿದೆ. ಆದರೆ ಹೊಲಕ್ಕೆ ಬಸ್ಸು ಹೋಗುವುದಿಲ್ಲ, ನಡುರಾತ್ರಿ ಎದೆನೋವಿಗೆ ಬಸ್ಸು ಬರುವುದಿಲ್ಲ. ಗಾಡಿ ಬೇಕಾಗುವುದು ಅಂಥ ಎರಡು ಮೂರು ಹೊತ್ತಿಗೆ. ಆ ಹೊತ್ತಿಗಾಗಿ ವರ್ಷವಿಡೀ ತೆರಬೇಕಾದ ಬಾಡಿಗೆ ಇದು.

ನವೀಕರಣಕ್ಕೆ ಗಾಡಿಯನ್ನೇ ಇನ್‌ಸ್ಪೆಕ್ಟರರಿಗೆ ತೋರಿಸಬೇಕು. ಎಪ್ಪತ್ತರ ಹಿರಿಯರು ಅವಧಿ ಮುಗಿಯಲಿರುವ ಗಾಡಿ ಹೊಡೆದುಕೊಂಡು ಧಾರವಾಡಕ್ಕೆ ಹೋಗಬೇಕೆ? ತಿಂಗಳಿಗೊಂದು ದಿನ ಉಪ್ಪಿನಬೆಟಗೇರಿಯಲ್ಲೇ ಕ್ಯಾಂಪ್ ಹಾಕಿದರೆ ಸುತ್ತಲಿನ ಹಳ್ಳಿಯವರಿಗೂ ಅನುಕೂಲ. ಶುಲ್ಕ ಇಳಿಸುವುದು ದಿಲ್ಲಿಯವರ ಕೈಯಲ್ಲಿದೆ, ಕ್ಯಾಂಪ್ ಹಾಕುವುದು ಇಲ್ಲಿಯವರ ಕೈಯಲ್ಲಿದೆ. ಸಂಬಂಧಪಟ್ಟವರು ಗಮನಿಸುವರೇ?

ಅಲ್ಲಿಯತನಕ, ಬಸ್ಸಿಗೆ ಹೋಗುವ 60 ದಾಟಿದ ಗಂಡಸರು ವಯಸ್ಸಿನ ದಾಖಲೆ ಕಿಸೆಯಲ್ಲಿಟ್ಟುಕೊಂಡು ಹೋಗಲಿ. ಟಿಕೀಟಿನಲ್ಲಿ ಶೇ. 25 ರಿಯಾಯಿತಿ ಇದೆ, ಕಂಡಕ್ಟರರಿಗೆ ಕಾರ್ಡು ತೋರಿಸಿ ಕೇಳಿದರೆ ಮಾತ್ರ ಸಿಗುತ್ತದೆ.